ತೇಲುವುದೇ ದೋಣಿಯ ಧರ್ಮ

ಸಂಸಾರವನ್ನು ಸಾಗರಕ್ಕೂ ಸಾಧನೆಯನ್ನು ದೋಣಿಗೂ ಹೋಲಿಸುವುದು ನಮ್ಮ ನಾಡಿನ ಧರ್ಮಬೋಧೆಯಲ್ಲಿ ಪ್ರಾಚೀನವಾದ ರೂಢಿ. ಆದರೆ ಸಾಗರವನ್ನು ದಾಟಬೇಕಾದವನಿಗೆ ನೀರಿನ ಸೋಂಕೇ ಇಲ್ಲದೆ ಹಾರಿಹೋಗುವುದು ಲೇಸಲ್ಲವೆ? ಹಿರಿಯರು ಹಕ್ಕಿಯನ್ನು ಬಿಟ್ಟು ದೋಣಿಯನ್ನೇ ಏಕೆ ಆರಿಸಿದರು? “ಮನೆ, ಮಕ್ಕಳು, ಸಾಲಸೋಲಗಳ ನಡುವೆ ಲಿಂಗನಿಷ್ಠೆ ಎಲ್ಲಿಂದ ಬರಬೇಕು? ಮಗಳ ಮದುವೆಯೊಂದು ಆಗಲಿ, ಎಲ್ಲವನ್ನೂ ಬಿಟ್ಟು ಹೊರಟುಬಿಡುವೆ” ಎಂದು ನಿಟ್ಟುಸಿರುಬಿಡುವ ಗೃಹಸ್ಥನು ಈ ಪ್ರಶ್ನೆಯನ್ನು ಅವಶ್ಯವಾಗಿ ವಿಚಾರಿಸತಕ್ಕುದು.

ಮೊದಲು ದೋಣಿಯ ಸ್ವಭಾವವನ್ನು ತಿಳಿಯಬೇಕು. ನೀರಿಗಿಳಿದ ವಸ್ತುವು ಎಷ್ಟು ನೀರನ್ನು ಸರಿಸುವುದೋ, ಅಷ್ಟು ನೀರಿನ ತೂಕಕ್ಕೆ ಸಮನಾದ ಬಲದಿಂದ ನೀರು ಅದನ್ನು ಮೇಲಕ್ಕೆತ್ತುವುದೆಂಬ ನಿಯಮವನ್ನು ಗ್ರೀಕ್ ಪಂಡಿತನಾದ ಆರ್ಕಿಮಿಡೀಸನು ಕ್ರಿ.ಪೂ. 3ನೆಯ ಶತಮಾನದಲ್ಲಿಯೇ ನಿರೂಪಿಸಿದನು. ಒಂದು ಘನಮೀಟರು ನೀರಿನ ತೂಕ ಸುಮಾರು 1,000 ಕಿಲೋಗ್ರಾಂ. ಅಷ್ಟೇ ಗಾತ್ರದ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಆದುದರಿಂದ ಅಷ್ಟು ನೀರನ್ನು ಸರಿಸಿದ ದೋಣಿಯು ತನ್ನ ತೂಕವೂ ಸೇರಿ 1,000 ಕಿಲೋಗ್ರಾಂ ಭಾರವನ್ನು ಹೊತ್ತು ನಿಲ್ಲುವುದು. ಅದೇ ಗಾತ್ರಕ್ಕೆ ಗಾಳಿ ಎರಡು ಕಿಲೋವನ್ನೂ ಎತ್ತಲಾರದು. ವಿಮಾನವು ವೇಗದ ಬಲದಿಂದ ಹಾರುವುದು. ವೇಗ ತೀರ ತಗ್ಗಿದರೆ ಅದಕ್ಕೆ ಆಕಾಶದಲ್ಲಿ ನೆಲೆಯಿಲ್ಲ. ದೋಣಿಯಾದರೋ ನಿಂತಲ್ಲಿಯೇ ತೇಲುವುದು. ಮುಳುಗಿಸಬಲ್ಲ ನೀರೇ ಅದನ್ನು ಎತ್ತಿ ಹಿಡಿಯುವುದು. ಸಂಸಾರದ ರೀತಿಯೂ ಇದೇ.

12ನೆಯ ಶತಮಾನದ ಅಂಬಿಗರ ಚೌಡಯ್ಯನವರದು ದೋಣಿ ನಡೆಸುವ ಕಾಯಕ. ಬಹುಮಂದಿ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನಗಳಿಗೆ ಅಂಕಿತವಾಗಿಸಿದರೆ, ಇವರು ಕಾಯಕಸಹಿತವಾದ ತಮ್ಮ ಹೆಸರನ್ನೇ ಅಂಕಿತವಾಗಿರಿಸಿದರು. ಅಂಬಿಗತನವನ್ನು ಮರೆಮಾಡದೆ ಅದನ್ನೇ ಬಿರುದಾಗಿ ಧರಿಸಿದರು. ತುಂಗಭದ್ರೆಯ ದಡದ ಚೌಡಯ್ಯದಾನಪುರವು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಅದೇ ನದಿಯ ಹರಿಗೋಲನ್ನು, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ವರ್ಣಿಸಿರುವನು. ಬುಟ್ಟಿಯಂತೆ ದುಂಡಗಿನ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ದಾಟಿಸುವ ಶಕ್ತಿ. ಈ ಬಡ ಸಾಧನದಲ್ಲಿ ಗೃಹಸ್ಥನಿಗೆ ಮೂರು ಬೋಧೆಗಳಿವೆ.

ಮೊದಲನೆಯದು, ಒಳಗಿನ ತೆರವು. ಹರಿಗೋಲು ತೇಲುವುದು ಅದರ ಒಡಲು ಬರಿದಾಗಿರುವುದರಿಂದ. ಕಬ್ಬಿಣದ ಹಡಗೂ ಹೀಗೆಯೇ ತೇಲುವುದು. ಅದೇ ಕಬ್ಬಿಣದ ಗಟ್ಟಿಯು ಮುಳುಗುವುದು. “ನಾನು, ನನ್ನದು” ಎಂಬ ಅಹಂಕಾರದಿಂದ ಒಳಗನ್ನು ತುಂಬಿಕೊಂಡವನಿಗೆ ಲಿಂಗಕ್ಕೂ ಜಂಗಮಕ್ಕೂ ಎಡೆಯೆಲ್ಲಿ?

ಎರಡನೆಯದು, ಎಚ್ಚರ. ದೋಣಿ ನೀರಿನಲ್ಲಿರುವುದು ದೋಷವಲ್ಲ. ನೀರು ದೋಣಿಯೊಳಗೆ ಸೇರುವುದು ದೋಷ. ಜಾಣನಾದ ಅಂಬಿಗನು ಹರಿಗೋಲನ್ನು ದಡಕ್ಕೆಳೆದು, ಬೋರಲಿಟ್ಟು ಒಣಗಿಸಿ, ಬಿರುಕನ್ನು ಹುಡುಕಿ ಮುಚ್ಚುವನು. ನಿತ್ಯದ ಇಷ್ಟಲಿಂಗಪೂಜೆಯೂ ಇಂತಹ ತಪಾಸಣೆಯೇ. ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತ ಆ ಒಂದು ಗಳಿಗೆಯಲ್ಲಿ, ಹಿಂದಿನ ದಿನ ಕೋಪ ಎಲ್ಲಿ ನುಸುಳಿತು, ಸುಳ್ಳು ಎಲ್ಲಿ ಸೇರಿತು ಎಂಬುದನ್ನು ಭಕ್ತನು ಕಂಡುಕೊಳ್ಳಬೇಕು.

ಮೂರನೆಯದು, ಭಾರದ ಮಿತಿ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅವರ ಸತಿ ಆಯ್ದಕ್ಕಿ ಲಕ್ಕಮ್ಮನವರು ಮೆಚ್ಚಲಿಲ್ಲ; ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದರು. ಬಡತನವು ಆ ಮನೆಯನ್ನು ಮುಳುಗಿಸಲಿಲ್ಲ. ಆಸೆಯ ಭಾರವು ಮುಳುಗಿಸೀತೆಂದು ಆ ತಾಯಿ ಅರಿತಿದ್ದರು. ನೆರೆಯವರ ಕಣ್ಣಿಗಾಗಿ ಸಾಲ ತಂದು ಮದುವೆ ಮಾಡುವವರು ಈ ಪ್ರಸಂಗವನ್ನು ನೆನೆಯಬೇಕು.

ಇನ್ನು ಮೊದಲಿನ ಪ್ರಶ್ನೆ. ಹಕ್ಕಿಯು ತಾನೊಂದೇ ದಾಟುವುದು. ದೋಣಿಯು ತನ್ನನ್ನು ನಂಬಿದವರೆಲ್ಲರನ್ನೂ ದಾಟಿಸುವುದು. ಶರಣರು ದಾಸೋಹವೆಂದುದು ಇದನ್ನೇ. ನಡುಹೊಳೆಯಲ್ಲಿ ದೋಣಿಗೆ ರೆಕ್ಕೆ ಮೂಡಿ ಹಾರಿಹೋದರೆ, ಅದನ್ನೇರಿದ ಮುದುಕರ, ಮಕ್ಕಳ ಗತಿಯೇನು? ಹೊಣೆಯನ್ನು ಅರ್ಧಕ್ಕೆ ಬಿಟ್ಟು ಹೊರಡುವುದಕ್ಕೆ ವೈರಾಗ್ಯವೆಂಬ ಹೆಸರು ಒಪ್ಪದು.

ಆದುದರಿಂದ ಗೃಹಸ್ಥನು ಮಗಳ ಮದುವೆ ಮುಗಿಯಲೆಂದು ಕಾಯಬೇಕಾಗಿಲ್ಲ. ಸತ್ಯಶುದ್ಧ ಕಾಯಕದಿಂದ ಗಳಿಸಿ, ಮಿತವಾಗಿ ಉಂಡು, ಬಂದವರಿಗೆ ಬಡಿಸಿ, ಕೈಯಲ್ಲಿರುವ ಹುಟ್ಟನ್ನು ಬಿಡದೆ ಹಾಕಲಿ. ದಡಕ್ಕೆ ಸೇರಿಸುವ ಭಾರವನ್ನು ಶಿವನು ಹೊರುವನು.