ಔಷಧದ ಋಣ

ದೊಡ್ಡಬಳ್ಳಾಪುರದ ಸಮೀಪದ ಘಾಟಿ ಸುಬ್ರಹ್ಮಣ್ಯಕ್ಕೆ ಹೋದವರು ಅಲ್ಲಿಯ ನಾಗರಕಲ್ಲುಗಳ ಸಾಲನ್ನು ಕಂಡೇ ಇರುತ್ತಾರೆ. ಸಂತಾನವನ್ನು ಬಯಸಿ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ಕಲ್ಲುಗಳವು. ಆದರೆ ಹೊಲದ ಬದುವಿನಲ್ಲಿ ಜೀವಂತ ನಾಗರ ಕಚ್ಚಿದಾಗ ಎಂತಹ ಭಕ್ತನಾದರೂ ಆಸ್ಪತ್ರೆಯ ಚುಚ್ಚುಮದ್ದನ್ನೇ ಆಶ್ರಯಿಸಬೇಕಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷವೆಂದು ಅಂದಾಜು. ಆ ಮದ್ದು ಹೇಗೆ ಹುಟ್ಟುತ್ತದೆಂಬುದನ್ನು ನಾವು ವಿಚಾರಿಸುವುದು ಮಾತ್ರ ಕಡಿಮೆ.

1890ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಕಾಲ್ಮೆಟ್ ತೋರಿದ ದಾರಿಯೇ ಇಂದಿಗೂ ನಡೆದಿದೆ. ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಕ್ರಮಕ್ರಮವಾಗಿ ಹೆಚ್ಚಿಸುತ್ತ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಅಡಗಿಸುವ ಪ್ರತಿಕಾಯಗಳು ಬೆಳೆಯುತ್ತವೆ. ಆ ರಕ್ತವನ್ನು ತೆಗೆದು, ಶೋಧಿಸಿ, ಮದ್ದಾಗಿಸುತ್ತಾರೆ. ಮದ್ದಿನ ಶಕ್ತಿಯನ್ನು ಅಳೆಯುವುದು ಇಲಿಗಳ ಮೇಲೆ. ಎಷ್ಟು ಇಲಿಗಳು ಬದುಕಿದವು, ಎಷ್ಟು ಸತ್ತವು ಎಂಬುದೇ ಅಲ್ಲಿಯ ತಕ್ಕಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಡನೆ ಸೇರಿ, ಕುದುರೆಯ ಹಂಗಿಲ್ಲದೆ ರೂಪಿಸಿದ ಒಂದು ಪ್ರತಿಕಾಯವನ್ನು 2024ರಲ್ಲಿ ಪ್ರಕಟಿಸಿದರು. ನಾಗರದ ಕುಲಕ್ಕೆ ಸೇರಿದ ಹಲವು ಹಾವುಗಳ ನರವಿಷವನ್ನು ಅದು ತಡೆಯಬಲ್ಲದು. ಮಂಡಲದ ಹಾವಿನ ವಿಷಕ್ಕೆ ಅದು ಮದ್ದಲ್ಲ. ಮನುಷ್ಯರ ಚಿಕಿತ್ಸೆಗೆ ಬರಲು ಇನ್ನೂ ದೂರವಿದೆ. ಕುದುರೆ ತಪ್ಪಿತು, ನಿಜ. ಇಲಿ ತಪ್ಪಲಿಲ್ಲ, ಅದನ್ನು ಪರೀಕ್ಷಿಸಿದ್ದೂ ಇಲಿಗಳಲ್ಲಿಯೇ.

ಇದು ಧರ್ಮವೋ ಅಧರ್ಮವೋ? ಎಲ್ಲವನ್ನೂ ಇಂದೇ ನಿಲ್ಲಿಸಿಬಿಡಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಹಾವು ಕಡಿದ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಎದುರು ಆ ಮಾತನ್ನಾಡಲು ಬಾಯಿ ಬಾರದು. ಇಲಿಯ ಜೀವವೂ ಒಂದು ಜೀವವೇ ಎಂದು ನಗುವವರನ್ನಂತೂ ಒಪ್ಪುವುದು ಸಾಧ್ಯವೇ ಇಲ್ಲ. ಅದರ ಶರೀರ ನಮ್ಮ ಶರೀರದಂತೆ ನಡೆಯುತ್ತದೆಂಬ ಕಾರಣಕ್ಕಾಗಿಯೇ ಅದರ ಮೇಲೆ ಪ್ರಯೋಗ ಮಾಡುತ್ತೇವೆ. ಹಾಗಿದ್ದ ಮೇಲೆ ಅದರ ನೋವು ನಮ್ಮ ನೋವಿನಂತಲ್ಲವೆಂದು ಹೇಳುವ ಅಧಿಕಾರ ನಮಗೆಲ್ಲಿಂದ ಬಂದಿತು? ಪ್ರಯೋಗದ ಸಮರ್ಥನೆಗೆ ಯಾವುದು ಆಧಾರವೋ, ದಯೆಯ ಹೊಣೆಗೂ ಅದೇ ಆಧಾರ.

ಆ ಹೊಣೆಯ ಒಂದು ಪಾಲು ವಿಜ್ಞಾನಿಗಳದು. ಪ್ರಾಣಿಗಳ ಬದಲಿಗೆ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳೇ ಮೊದಲಾದವುಗಳಲ್ಲಿ ಹೊಸ ಔಷಧವನ್ನು ಪರೀಕ್ಷಿಸಲು 2023ರಲ್ಲಿ ನಮ್ಮ ದೇಶದ ನಿಯಮಗಳು ಅವಕಾಶ ಕೊಟ್ಟಿವೆ. ಆ ದಾರಿ ಅಗಲವಾಗಬೇಕು. ಇನ್ನೊಂದು ಪಾಲು ನಮ್ಮದು. ಹಾವು ಕಡಿದವನನ್ನು ಮಂತ್ರವಾದಿಯ ಜಗಲಿಯಲ್ಲಿ ಕೂರಿಸಿ, ಬೇರು ತೇಯ್ದು, ದಾರ ಕಟ್ಟಿ, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ಒಯ್ಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಕುದುರೆಯ ರಕ್ತದಿಂದ ಬಂದ ಆ ಮದ್ದು ಅಷ್ಟು ಹೊತ್ತೂ ತಾಲ್ಲೂಕಿನ ಆಸ್ಪತ್ರೆಯ ಕಪಾಟಿನಲ್ಲಿ ಇದ್ದೇ ಇರುತ್ತದೆ.