ಗುಮ್ಮನ ವಯಸ್ಸೆಷ್ಟು?

ದೆವ್ವದ ಸಿನಿಮಾ ಆದ್ರೆ ನಮ್ಮ ಕೆಲಸ ಸುಲಭ. ಪರದೆಯ ಮೇಲೆ ಮೊದಲು ಬರೋದೇ ಸರ್ಟಿಫಿಕೇಟು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಆದ ಮೇಲಂತೂ ಹಳೆಯ ‘ಯು/ಎ’ ಮೂರು ಭಾಗವಾಗಿದೆ: 7+, 13+, 16+. ಓಟಿಟಿಯಲ್ಲಿ 2021ರಿಂದಲೇ ಇಂಥ ಲೆಕ್ಕ ಇದೆ. ಆ ಸಂಖ್ಯೆ ತೋರಿಸಿ “ನಿಂಗಿನ್ನೂ ವಯಸ್ಸಾಗಿಲ್ಲ” ಅಂದುಬಿಟ್ಟರೆ ಮಾತು ಮುಗೀತು. ಪುಸ್ತಕದಲ್ಲಿ ಈ ಅನುಕೂಲ ಇಲ್ಲ. ಹಿಂಬದಿಯಲ್ಲಿ ‘8ರಿಂದ 12 ವರ್ಷ’ ಅಂತ ಅಚ್ಚಾಗಿದ್ದರೂ ಅದು ಬಹುಮಟ್ಟಿಗೆ ಓದಿನ ಲೆಕ್ಕ. ವಾಕ್ಯ ಎಷ್ಟು ಉದ್ದ, ಪದ ಎಷ್ಟು ಕಷ್ಟ ಅನ್ನೋದರ ಲೆಕ್ಕ. ರಾತ್ರಿ ಎರಡು ಗಂಟೆಗೆ ಆ ಮಗುವಿನ ರೂಮಲ್ಲಿ ಏನಾಗುತ್ತೆ ಅನ್ನೋದನ್ನ ಅದು ಹೇಳಲ್ಲ.

ನನ್ನ ಅಕ್ಕನ ಮಗಳಿಗೆ ಈಗ 11. “ಮಾಮ, ನಿಜವಾಗ್ಲೂ ಭಯ ಆಗೋ ಪುಸ್ತಕ ಕೊಡ್ಸು. ಚಿಕ್ಕ ಮಕ್ಕಳದ್ದು ಬೇಡ” ಅಂತ ಅವಳ ಬೇಡಿಕೆ. “ಕೊಡ್ಸಪ್ಪಾ ಕೊಡ್ಸು. ರಾತ್ರಿ ಅವಳ ಜೊತೆ ಮಲಗೋಕೂ ನೀನೇ ಬಾ” ಅಂತ ಅಕ್ಕನ ಉತ್ತರ. ತಮಾಷೆಗೆ ಹೇಳಿದ್ದೇ ಆದರೂ ಅದರೊಳಗೆ ಗಟ್ಟಿಯಾದ ಪ್ರಶ್ನೆಯೊಂದಿದೆ. ಮಗುವನ್ನ ಪ್ರೀತಿಸುವವರು, ಗೊತ್ತಿದ್ದೂ ಗೊತ್ತಿದ್ದೂ, ಅದು ಹೆದರಲಿ ಅಂತಲೇ ಒಂದು ವಸ್ತುವನ್ನ ಅದರ ಕೈಗೆ ಕೊಡಬಹುದಾ? ಕೊಡಬಹುದು ಅನ್ನೋದಾದ್ರೆ ಯಾವ ಹಕ್ಕಿನಿಂದ?

ಹಾಗೆ ನೋಡಿದ್ರೆ ಮಕ್ಕಳನ್ನ ಹೆದರಿಸೋದು ನಮಗೆ ಹೊಸದೇನಲ್ಲ. ಊಟ ಮಾಡದಿದ್ರೆ ಗುಮ್ಮ, ಅಂಗಡಿಯಲ್ಲಿ ಹಟ ಹಿಡಿದ್ರೆ ಪೊಲೀಸ್ ಮಾಮ, ಏನೂ ನಡೀದಿದ್ರೆ ಇಂಜೆಕ್ಷನ್ ಚುಚ್ಚೋ ಡಾಕ್ಟರ್. ಪುರಂದರದಾಸರ ಒಂದು ಪ್ರಸಿದ್ಧ ಕೀರ್ತನೆಯಲ್ಲಿ ಸ್ವತಃ ಬಾಲಕೃಷ್ಣನೇ ಗುಮ್ಮನನ್ನ ಕರೀಬೇಡ ಅಂತ ಅಮ್ಮನ ಹತ್ತಿರ ಬೇಡಿಕೊಳ್ಳುತ್ತಾನೆ. ಬದಲಿಗೆ ಅಳೋದಿಲ್ಲ, ಉಣ್ತೀನಿ ಅಂತ ಮಾತು ಕೊಡುತ್ತಾನೆ. ಬಾಯೊಳಗೆ ಬ್ರಹ್ಮಾಂಡ ತೋರಿಸಿದವನೂ ಗುಮ್ಮನ ಹೆಸರು ಕೇಳಿದ ಕೂಡಲೇ ಚೌಕಾಸಿಗೆ ಇಳಿಯುತ್ತಾನೆ! ಕೇಳೋಕೆ ಮುದ್ದಾಗಿದೆ. ಆದರೆ ಆ ಭಯದಿಂದ ಲಾಭ ಯಾರಿಗೆ ಅಂತ ಕೇಳಿ ನೋಡಿ. ತಟ್ಟೆ ಖಾಲಿಯಾಗಬೇಕಾಗಿರೋದು ದೊಡ್ಡವರಿಗೆ. ಬೇಗ ನಿದ್ದೆ ಬರಬೇಕಾಗಿರೋದೂ ದೊಡ್ಡವರಿಗೇ. ಗುಮ್ಮನನ್ನ ಕರೆಯೋದು ನಾವು, ವಾಪಸ್ ಕಳಿಸೋದೂ ನಾವು. ಮಗುವಿಗೆ ಉಳಿಯೋದು ಶರಣಾಗತಿ ಮಾತ್ರ.

ಕಥೆಯ ಭಯದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತೆ. ಪುಸ್ತಕ ತೆರೆಯೋದು ಮಗು, ಮುಚ್ಚೋದೂ ಮಗು. ಪುಟದ ಮಧ್ಯೆ ಬೆರಳಿಟ್ಟುಕೊಂಡು ಅಡುಗೆಮನೆವರೆಗೂ ಹೋಗಿ, ಅಮ್ಮ ಇದ್ದಾಳೆ ಅಂತ ಖಾತ್ರಿ ಮಾಡ್ಕೊಂಡು ಬಂದು ಮುಂದೆ ಓದಬಹುದು. ಹೆದರಿದ್ದಕ್ಕೆ ಪ್ರತಿಯಾಗಿ ಯಾರೂ ಏನನ್ನೂ ಕೇಳಲ್ಲ. ಅದಕ್ಕೇ ನನಗನ್ನಿಸೋದು, ಮಗುವಿಗೆ ಭಯವನ್ನ ಕೊಡಬಹುದು, ಆದರೆ ಅದರ ಲಗಾಮನ್ನೂ ಜೊತೆಗೇ ಕೊಡಬೇಕು. ‘ವಯಸ್ಸಿಗೆ ತಕ್ಕ’ ಅನ್ನೋ ಮಾತಿಗೆ ನನಗೆ ತಿಳಿದ ಅರ್ಥ ಇಷ್ಟೇ: ಈ ಕಥೆಯ ಲಗಾಮು ಈ ಮಗುವಿನ ಕೈಯಲ್ಲಿ ನಿಲ್ಲುತ್ತಾ?

ಇದಕ್ಕೊಂದು ನ್ಯಾಯವಾದ ಆಕ್ಷೇಪ ಇದೆ. ಮಗುವೇ ಕೇಳಿತು ಅನ್ನೋದು ಸಮರ್ಥನೆ ಆಗುತ್ತಾ? ತಾನು ಏನನ್ನ ಕೇಳ್ತಿದೀನಿ ಅಂತ ಅದಕ್ಕೆ ಗೊತ್ತಿರುತ್ತಾ? ಹೆದರಿಕೆ ಆಯ್ತಾ ಅಂತ ಕೇಳಿದರೆ ನಿಜ ಹೇಳುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ. 2002ರಲ್ಲಿ ಬಂದ ‘ಕೊರಲೈನ್’ ಕಾದಂಬರಿಯ ಹಿಂದೆ ಇದಕ್ಕೆ ಹೊಂದುವ ಕಥೆಯೊಂದಿದೆ. ಅದರಲ್ಲಿ ಗೋಡೆಯೊಳಗಿನ ಬಾಗಿಲಾಚೆ ಥೇಟ್ ಅಮ್ಮನ ಹಾಗೇ ಇರೋ ಇನ್ನೊಬ್ಬಳಿದ್ದಾಳೆ. ಅವಳಿಗೆ ಕಣ್ಣಿನ ಜಾಗದಲ್ಲಿ ಗುಂಡಿಗಳಿವೆ, ನಾಯಕಿಯ ಕಣ್ಣಿಗೂ ಗುಂಡಿ ಹೊಲಿಯಬೇಕು ಅಂತ ಕಾಯ್ತಾ ಇದ್ದಾಳೆ. ಲೇಖಕ ನೀಲ್ ಗೈಮನ್ ಅವರ ಏಜೆಂಟ್‌ಗೆ ಇದು ಮಕ್ಕಳಿಗಲ್ಲ ಅನ್ನಿಸಿತ್ತಂತೆ. ಕೊನೆಗೆ ತನ್ನ ಮಗಳಿಗೇ ಓದಿ ತೋರಿಸಿದರು. ಹುಡುಗಿ ಹೆದರಿದ ಹಾಗೆ ಕಾಣಲಿಲ್ಲ, ಪುಸ್ತಕ ಮಕ್ಕಳ ಪುಸ್ತಕವಾಗಿಯೇ ಹೊರಬಂತು. ಬಹಳ ವರ್ಷಗಳ ನಂತರ ಆ ಹುಡುಗಿ ನಿಜ ಹೇಳಿದಳು: ತುಂಬಾ ಹೆದರಿದ್ದೆ, ಆದರೆ ಹೇಳಿದ್ರೆ ಓದೋದನ್ನ ನಿಲ್ಲಿಸಿಬಿಡ್ತಾರೆ, ಮುಂದೇನಾಯ್ತು ಅಂತ ಗೊತ್ತಾಗಲ್ಲ ಅಂತ ಸುಮ್ಮನಿದ್ದೆ ಅಂತ.

ಈ ಪ್ರಸಂಗವನ್ನ ಎರಡೂ ಕಡೆಯವರು ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು. ನೋಡಿ, ಮಕ್ಕಳು ಸುಳ್ಳು ಹೇಳ್ತಾರೆ ಅಂತ ಒಬ್ಬರು. ನೋಡಿ, ಭಯಕ್ಕಿಂತ ಕುತೂಹಲ ದೊಡ್ಡದು ಅಂತ ಇನ್ನೊಬ್ಬರು. ನಾನು ಕಲಿತದ್ದು ಇಷ್ಟು: ಮಗುವಿನ ಒಪ್ಪಿಗೆ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಜವಾಬ್ದಾರಿ ಕೊಡಿಸಿದವರ ಮೇಲೂ ಇರುತ್ತೆ.

ಹಾಗಾದ್ರೆ ಏನನ್ನ ನೋಡಿ ಕೊಡಿಸಬೇಕು? ರಕ್ತ ಇದೆಯಾ, ಸಾವು ಇದೆಯಾ ಅಂತ ನೋಡೋದು ಎಲ್ಲರೂ ಮೊದಲು ಮಾಡೋ ಕೆಲಸ. ಆ ಲೆಕ್ಕದಲ್ಲಿ ನಮ್ಮ ‘ಪುಣ್ಯಕೋಟಿ’ಯೇ ಫೇಲು. ತಾಯಿಯೊಬ್ಬಳು ಸಾಯೋಕೆ ಸಿದ್ಧಳಾಗಿ ಕಂದನನ್ನ ಬೀಳ್ಕೊಡುವ ಹಾಡು ಅದು, ಕೊನೆಗೆ ಹುಲಿ ಪ್ರಾಣ ಬಿಡುತ್ತೆ. ಕುವೆಂಪು ಅವರ ಕಿಂದರಿಜೋಗಿಯಲ್ಲಿ ಊರಿನ ಮಕ್ಕಳೇ ಮಾಯವಾಗುತ್ತಾರೆ. ಮಾತು ತಪ್ಪಿದವರು ದೊಡ್ಡವರು, ಕಳೆದುಹೋದವರು ಮಕ್ಕಳು. ಇನ್ನು ‘ಚಂದಮಾಮ’ದ ಬೇತಾಳ ಕಥೆಗಳು ಶುರುವಾಗೋದೇ ರಾಜನೊಬ್ಬ ಸ್ಮಶಾನದಲ್ಲಿ ಹೆಣ ಹೆಗಲಿಗೇರಿಸಿಕೊಂಡು ನಡೆಯೋದರಿಂದ. ಇವನ್ನೆಲ್ಲ ಏಳೆಂಟು ವರ್ಷಕ್ಕೇ ಕೇಳಿ, ಓದಿ ಬೆಳೆದವರು ನಾವು.

ಇವೆಲ್ಲ ಮಕ್ಕಳಿಗೆ ದಕ್ಕಿದ್ದು ಹೇಗೆ? ಅವುಗಳಲ್ಲಿ ಭಯಕ್ಕೆ ಒಂದು ನಿಯಮ ಇದೆ. ಗೊತ್ತಿದ್ದೂ ಉತ್ತರ ಹೇಳದಿದ್ರೆ ತಲೆ ಸಿಡಿಯುತ್ತೆ, ಬಾಯಿಬಿಟ್ಟರೆ ಬೇತಾಳ ಮತ್ತೆ ಮರಕ್ಕೆ. ತಲೆ ಓಡಿಸಿದ್ರೆ ಜೀವ ಉಳಿಯುತ್ತೆ. ನಿಮ್ಮಲ್ಲಿ ಕೆಲವರಿಗೆ ತೊಂಬತ್ತರ ದಶಕದ ‘ನಾಳೆ ಬಾ’ ನೆನಪಿರಬಹುದು. ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ ಆ ಎರಡು ಪದ ಇದ್ದವು. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕರೆಯೋ ದೆವ್ವ ಅದನ್ನ ಓದಿ ವಾಪಸ್ ಹೋಗಬೇಕು, ಮರುದಿನ ಬಂದರೂ ಮತ್ತೆ ಅದೇ ಉತ್ತರ. ಅಷ್ಟು ದೊಡ್ಡ ಭಯಕ್ಕೆ ಒಂದು ತುಂಡು ಸೀಮೆಸುಣ್ಣದ ಪರಿಹಾರ. ಹೀಗೆ ಹೊರಬರೋ ದಾರಿ ಇರೋ ಕಥೆಯನ್ನ ಸಣ್ಣವರಿಗೂ ಧೈರ್ಯವಾಗಿ ಕೊಡಬಹುದು.

ಇದಕ್ಕೆ ವಿರುದ್ಧವಾದ ಉದಾಹರಣೆ ರಸ್ಕಿನ್ ಬಾಂಡ್ ಅವರ ‘ಎ ಫೇಸ್ ಇನ್ ದ ಡಾರ್ಕ್’. ಎರಡು ಮೂರು ಪುಟದ ಕಥೆ, ಒಂದು ಹನಿ ರಕ್ತ ಇಲ್ಲ. ಶಿಮ್ಲಾದ ಪೈನ್ ಕಾಡಲ್ಲಿ ಮೇಷ್ಟ್ರೊಬ್ಬರಿಗೆ ಮುಖವೇ ಇಲ್ಲದ ಹುಡುಗ ಸಿಗುತ್ತಾನೆ. ಅವರು ಓಡಿಹೋಗಿ ಲಾಟೀನು ಹಿಡಿದ ಕಾವಲುಗಾರನ ಆಸರೆ ಪಡೆದರೆ ಅವನಿಗೂ ಮುಖ ಇಲ್ಲ, ಅಷ್ಟರಲ್ಲಿ ದೀಪವೂ ಆರುತ್ತೆ. ಮುಗೀತು. ಸಹಾಯಕ್ಕೆ ಹೋದ ಜಾಗದಲ್ಲೇ ಭಯ ನಿಂತಿದೆ, ಹೊರಬರೋ ದಾರಿ ಇಲ್ಲ. ರಕ್ತ ಹುಡುಕುವ ಕಣ್ಣಿಗೆ ಈ ಕಥೆ ಪೂರ್ತಿ ಸುರಕ್ಷಿತ. ನನಗೆ ಕೇಳಿದ್ರೆ, ಇದನ್ನ ಎಂಟು ವರ್ಷದ ಮಗುವಿಗೆ ಒಂಟಿಯಾಗಿ ಓದೋಕೆ ಕೊಡಲ್ಲ. ಹನ್ನೊಂದಕ್ಕೆ ಕೊಡ್ತೀನಿ, ನಾನೂ ಪಕ್ಕದಲ್ಲಿ ಕೂತು.

ಕಥೆಯಲ್ಲಿ ಮಕ್ಕಳಿದ್ದಾರೆ ಅಂತ ಮೋಸ ಹೋಗೋದೂ ಉಂಟು. ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’ದಲ್ಲಿ ಮಾಟಕ್ಕೆ ಗುರಿಯಾಗೋಳು ಪುಟ್ಟ ಹುಡುಗಿ. ಹಾಗಂತ ಅದು ಪುಟ್ಟ ಹುಡುಗಿಯರು ಓದೋ ಪುಸ್ತಕ ಆಗಿಬಿಡಲ್ಲ. ಲೇಖಕರ ಹೆಸರೂ ಸಾಲದು. ಆರ್. ಎಲ್. ಸ್ಟೈನ್ 1989ರಲ್ಲಿ ಹದಿಹರೆಯದವರಿಗಾಗಿ ‘ಫಿಯರ್ ಸ್ಟ್ರೀಟ್’ ಶುರು ಮಾಡಿದರು, ಅಲ್ಲಿ ಕೊಲೆಗಳಾಗುತ್ತವೆ. 1992ರಲ್ಲಿ ಅದೇ ಕೈ ಚಿಕ್ಕವರಿಗಾಗಿ ‘ಗೂಸ್‌ಬಂಪ್ಸ್’ ಬರೀತು. ಇಲ್ಲಿ ಅಧ್ಯಾಯದ ಕೊನೆಯಲ್ಲಿ ಬೆಚ್ಚಿಬೀಳಿಸಿದ್ದು ಎಷ್ಟೋ ಸಲ ಮುಂದಿನ ಪುಟದಲ್ಲಿ ತಮ್ಮನ ಕೀಟಲೆ ಆಗಿರುತ್ತೆ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಇರಬಹುದು, ಸ್ವಲ್ಪ ನೋಡಿ ತಗೊಳ್ಳಿ.

ಚಿತ್ರಗಳದ್ದು ಬೇರೆಯೇ ವಿಷಯ. ಆಲ್ವಿನ್ ಶ್ವಾರ್ಟ್ಸ್ ಅವರ ‘ಸ್ಕೇರಿ ಸ್ಟೋರೀಸ್ ಟು ಟೆಲ್ ಇನ್ ದ ಡಾರ್ಕ್’ 1981ರಲ್ಲಿ ಬಂತು. ತೊಂಬತ್ತರ ದಶಕದಲ್ಲಿ ಅಮೆರಿಕದ ಲೈಬ್ರರಿಗಳಲ್ಲಿ ಅತಿ ಹೆಚ್ಚು ಆಕ್ಷೇಪ ಎದುರಿಸಿದ ಪುಸ್ತಕಗಳ ಪಟ್ಟಿಯ ಮೊದಲ ಸ್ಥಾನ ಈ ಸರಣಿಯದ್ದು. ಒಳಗಿರೋದು ಬಹುತೇಕ ಜನಪದ ಕಥೆಗಳು. ಓದಿದವರ ನೆನಪಲ್ಲಿ ಉಳಿದದ್ದು ಮಾತ್ರ ಸ್ಟೀಫನ್ ಗ್ಯಾಮೆಲ್ ಬರೆದ ಚಿತ್ರಗಳು. 2011ರ ಆವೃತ್ತಿಯಲ್ಲಿ ಅವನ್ನ ತೆಗೆದು ಬೇರೆ ಚಿತ್ರ ಹಾಕಿದಾಗ ಹಳೇ ಓದುಗರು ಸಿಟ್ಟಾದರು. ಮಗು ಪದಗಳಿಂದ ದೆವ್ವ ಕಟ್ಟೋವಾಗ ಸಾಮಾನ್ಯವಾಗಿ ತನ್ನ ಅಳತೆಗೆ ಕಟ್ಟಿಕೊಳ್ಳುತ್ತೆ. ಚಿತ್ರದ ಅಳತೆ ಇನ್ಯಾರದ್ದೋ. ಒಮ್ಮೆ ಕಂಡದ್ದನ್ನ ಕಾಣದ ಹಾಗೆ ಮಾಡೋಕೆ ಆಗಲ್ಲ. ಹಾಗಾಗಿ ಓದೋದಕ್ಕಿಂತ ಮೊದಲು ಪುಟ ತಿರುವಿ ಚಿತ್ರ ನೋಡೋದು ಒಳ್ಳೇದು.

ಇಷ್ಟೆಲ್ಲ ನೋಡಿದ ಮೇಲೂ ಯಾವ ಪಟ್ಟಿಯಲ್ಲೂ ಸಿಗದ ಒಂದು ಸಂಗತಿ ಉಳಿಯುತ್ತೆ: ನಿಮ್ಮ ಎದುರಿಗಿರೋ ಮಗು. ಹೋದ ತಿಂಗಳು ತಾತನನ್ನ ಕಳೆದುಕೊಂಡ ಹುಡುಗನಿಗೆ ತೀರಿಕೊಂಡವರು ಬಾಗಿಲು ತಟ್ಟೋ ಕಥೆ ಕಥೆಯಾಗಿ ಉಳಿಯಲ್ಲ. ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟಿದ್ದರೆ, ಅಮ್ಮನ ರೂಪದಲ್ಲಿ ಬೇರೆ ಯಾರೋ ಇದ್ದಾರೆ ಅನ್ನೋ ಕಥೆ ಬೇರೆ ಥರ ಚುಚ್ಚುತ್ತೆ. ಇನ್ನೊಂದು ಕಡೆ, ಇಂಥ ಮಕ್ಕಳಿಗೇ ಕೆಲವೊಮ್ಮೆ ದೆವ್ವದ ಕಥೆ ಬೇಕಾಗುತ್ತೆ. ಹೆಸರಿಡೋಕಾಗದ ಭಯಕ್ಕೆ ಅಲ್ಲೊಂದು ಹೆಸರು, ಒಂದು ಮುಖ, ಒಂದು ಕೊನೆಯ ಪುಟ ಸಿಗುತ್ತೆ. ಯಾವ ಮಗುವಿಗೆ ಯಾವುದು ಅನ್ನೋದನ್ನ 7+, 13+ ಹೇಳಲಾರವು. ಮಗುವಿನ ಜೊತೆ ದಿನಾ ಮಾತಾಡೋರಿಗೆ ಮಾತ್ರ ಅದರ ಅಂದಾಜು ಇರುತ್ತೆ. ಅದಕ್ಕೇ ನಾನು ಕೊಡಿಸೋ ಮುಂಚೆ ಅಕ್ಕನಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಪುಸ್ತಕದ ಬಗ್ಗೆ ಮಾತು ಐದು ನಿಮಿಷ, ಉಳಿದದ್ದೆಲ್ಲ ಹುಡುಗಿಯ ಬಗ್ಗೆ.

ಕೊಟ್ಟ ಮೇಲಿನ ಕೆಲಸ ಇನ್ನೂ ಮುಖ್ಯ. ಮಗು ಅರ್ಧಕ್ಕೇ ಮುಚ್ಚಿಟ್ಟರೆ “ಅಷ್ಟೇನಾ ನಿನ್ನ ಧೈರ್ಯ?” ಅನ್ನಬಾರದು. ಮುಚ್ಚೋ ಹಕ್ಕು ಇದೆ ಅಂತಲೇ ಅಲ್ವಾ ನಾವು ಕೊಟ್ಟಿದ್ದು? ಇನ್ನು, ಹಾಲು ಕುಡಿಯದಿದ್ದಾಗ ಎಷ್ಟೇ ಬಾಯಿ ತುರಿಸಿದರೂ “ಆ ಪುಸ್ತಕದಲ್ಲಿರೋಳು ಬರ್ತಾಳೆ ನೋಡು” ಅನ್ನಬಾರದು. ಆ ಒಂದು ಮಾತಿಗೆ, ಪ್ರೀತಿಯಿಂದ ಕೊಟ್ಟ ದೆವ್ವ ಮತ್ತೆ ಹಳೇ ಗುಮ್ಮ ಆಗಿಬಿಡುತ್ತೆ. ಮಗು ನಂಬಿ ತನ್ನ ಭಯವನ್ನ ನಮಗೆ ತೋರಿಸಿರುತ್ತೆ. ಅದನ್ನೇ ಕೋಲು ಮಾಡ್ಕೊಂಡ್ರೆ ಮುಂದಿನ ಸಲ ತೋರಿಸಲ್ಲ. ದೊಡ್ಡವಳಾದ ಮೇಲೆ, ನಿಜವಾದ ಭಯಗಳು ಬಂದಾಗಲೂ ತೋರಿಸಲ್ಲ.

ಮೊದಲ ಒಂದು ವಾರ ಹಾಲ್‌ನ ಲೈಟು ಹಾಗೇ ಉರಿಯುತ್ತಿರಲಿ. ಯಾಕೆ ಅಂತ ಕೇಳಬೇಡಿ. ಅವರೇ ಒಂದು ದಿನ ಎದ್ದು ಬಂದು ಆರಿಸ್ತಾರೆ.