ಸಾಕ್ಷಿಯ ಕಾಯಕ

ಸ್ಟುಡಿಯೊದ ಸಂಬಳ ಬಿಟ್ಟು ಸ್ವಂತ ಹೊಣೆಯ ಮೇಲೆ ಕೆಲಸ ಹಿಡಿಯುವ ವಿಡಿಯೊಗ್ರಾಫರ್‌ಗೆ ಕರ್ನಾಟಕದಲ್ಲಿ ಮೊದಲ ಅನ್ನ ಸಿಗುವುದು ಸಾಮಾನ್ಯವಾಗಿ ಮದುವೆ ಮನೆಯಲ್ಲೇ. ನಾಮಕರಣ, ಗೃಹಪ್ರವೇಶ, ಜಾತ್ರೆಗಳು ಆಮೇಲೆ ಸೇರಿಕೊಳ್ಳುತ್ತವೆ. ದುಡಿಮೆಯ ಬಹುಪಾಲು ಹೀಗೆ ಬೇರೆಯವರಿಗೆ ಪವಿತ್ರವಾದ ಗಳಿಗೆಗಳ ನಡುವೆ ನಡೆಯುತ್ತದೆ. ಯಾವ ಕ್ಯಾಮೆರಾ ಕೊಳ್ಳಬೇಕು, ಲೆನ್ಸ್ ಬಾಡಿಗೆಗೆ ತಂದರೆ ಸಾಕೇ ಎಂಬುದನ್ನು ಕೈಯಲ್ಲಿರುವ ಹಣವೇ ತೀರ್ಮಾನಿಸುತ್ತದೆ. ಪೂಜೆ ನಡೆಯುವಲ್ಲಿ ಪೂಜಿಸದೆ ನಿಂತವರ ಸ್ಥಾನವೇನು, ಹಾಗೆ ನಿಂತದ್ದಕ್ಕೆ ಪಡೆಯುವ ಕೂಲಿಯ ನ್ಯಾಯವೇನು ಎಂಬ ಪ್ರಶ್ನೆಗಳು ಮಾತ್ರ ಧರ್ಮಚಿಂತನೆಯವು.

ಮೊದಲ ಪ್ರಶ್ನೆಗೆ ಹತ್ತಿರದ ಕಲ್ಪನೆ ಸಾಕ್ಷಿಯದು. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು ಕುಳಿತಿವೆ; ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಅದ್ವೈತಿಗಳು ಹೇಳುವ ಸಾಕ್ಷಿಯೂ ಇಂಥದ್ದೇ, ಅದರ ನೋಟ ನೋಡಿದ್ದನ್ನು ಕಿಂಚಿತ್ತೂ ಬದಲಿಸುವುದಿಲ್ಲ. ಕ್ಯಾಮೆರಾ ಹಿಡಿದವರಿಗೆ ಅಂಥ ನಿರ್ಲೇಪತೆ ದಕ್ಕುವ ಮಾತಲ್ಲ. ಅವರು ಜಾಗ ಹಿಡಿಯುತ್ತಾರೆ, ಲೈಟು ಹಾಕುತ್ತಾರೆ, ಅವರಿದ್ದಾರೆಂದು ಗೊತ್ತಾದೊಡನೆ ಮದುಮಗಳ ಮುಖಭಾವವೇ ಬೇರೆಯಾಗುತ್ತದೆ.

ಅಂತರಪಟ ಸರಿಯುವ ಕ್ಷಣವನ್ನೇ ನೋಡಬಹುದು. ಗಟ್ಟಿಮೇಳ ಮೊಳಗುತ್ತದೆ, ವಧೂವರರು ಪರಸ್ಪರರ ತಲೆಯ ಮೇಲೆ ಜೀರಿಗೆ ಬೆಲ್ಲ ಇಡುತ್ತಾರೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಆ ಹೊತ್ತಿಗೆ ಎರಡು ಕ್ಯಾಮೆರಾ, ಒಂದು ಗಿಂಬಲ್, ಲೈಟು ಹಿಡಿದ ಹುಡುಗ ಮಂಟಪಕ್ಕೆ ಅಡ್ಡ ನಿಂತರೆ ಮೂರನೆಯ ಸಾಲಿನಲ್ಲಿ ಕುಳಿತ ಅಜ್ಜಿಗೆ ಮೊಮ್ಮಗಳ ಮುಖ ಕಾಣುವುದಿಲ್ಲ. ಆಕೆ ಹರಸಿ ಎಸೆದ ಅಕ್ಷತೆ ಅಪರಿಚಿತನ ಹೆಗಲ ಮೇಲೆ ಉದುರುತ್ತದೆ. ಆ ಅಜ್ಜಿ ಕಳೆದುಕೊಂಡದ್ದನ್ನು ಯಾವ ವಿಡಿಯೊವೂ ತುಂಬಿಕೊಡಲಾರದು.

ಇದಕ್ಕಿಂತ ಗಂಭೀರವಾದದ್ದು, ಶಾಟ್ ತಪ್ಪಿತೆಂದು 'ಇನ್ನೊಂದ್ಸಲ ಮಾಡಿ' ಎನ್ನುವುದು. ಹಾರ ಬದಲಾಯಿಸುವುದನ್ನು ಮತ್ತೊಮ್ಮೆ ಮಾಡಿಸಿದರೆ ಹೆಚ್ಚಿನ ನಷ್ಟವಿಲ್ಲ, ಮನೆಯವರೇ ಕೇಳುವುದೂ ಉಂಟು. ಮಾಂಗಲ್ಯಧಾರಣೆಗೆ, ಧಾರೆಗೆ ಈ ಮಾತು ಸಲ್ಲದು. ಅವು ಮುಹೂರ್ತಕ್ಕೆ ಕಟ್ಟುಬಿದ್ದ ಕ್ರಿಯೆಗಳು, ಎರಡನೆಯ ಬಾರಿ ಅವು ಬರೀ ಅಭಿನಯ. ಹೀಗಾಗಿ ಈ ವೃತ್ತಿಯಲ್ಲಿ ಪೂರ್ವಸಿದ್ಧತೆಯೇ ಶ್ರದ್ಧೆ. ಪುರೋಹಿತರ ಬಳಿ ಹೋಗಿ ಶಾಸ್ತ್ರಗಳ ಕ್ರಮ ಕೇಳಿಕೊಳ್ಳುವುದು, ಪ್ರತಿ ದೃಶ್ಯ ಎರಡು ಕಾರ್ಡುಗಳಿಗೂ ಏಕಕಾಲಕ್ಕೆ ದಾಖಲಾಗುವಂತೆ ನೋಡಿಕೊಳ್ಳುವುದು, ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಛತ್ರದ ದೀಪಗಳು ಮಿನುಗದಂತೆ ಶಟರ್ ವೇಗವನ್ನು 1/50ಕ್ಕೆ ಇಟ್ಟುಕೊಳ್ಳುವುದು ಇವೆಲ್ಲ ಆ ಒಂದೇ ಗಳಿಗೆಯನ್ನು ಮೊದಲ ಸಲಕ್ಕೇ ಹಿಡಿಯುವ ವ್ರತದ ಅಂಗಗಳು.

ಕೂಲಿಯ ಪ್ರಶ್ನೆಗೆ 12ನೇ ಶತಮಾನದ ಶರಣರಷ್ಟು ನೇರವಾಗಿ ಮುಖಕೊಟ್ಟವರು ವಿರಳ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ತಡೆದು, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧ ಕಥೆ. ಮದುವೆಯ ಹಿಂದಿನ ದಿನ, ಬೇರೆಯವರನ್ನು ಹುಡುಕಲು ಸಮಯವಿಲ್ಲದ ಹೊತ್ತಿನಲ್ಲಿ ದರ ಏರಿಸುವುದು, ಒಂದೇ ಮುಹೂರ್ತಕ್ಕೆ ಎರಡು ಕಡೆ ಅಡ್ವಾನ್ಸ್ ಪಡೆದು ಒಂದು ಕಡೆಗೆ ಕೆಲಸ ಬಾರದ ಹುಡುಗನನ್ನು ಅಟ್ಟುವುದು ಲಕ್ಕಮ್ಮ ಒಪ್ಪದ ಅಕ್ಕಿ.

ಆದರೆ ಈ ತತ್ವವನ್ನು ಹೊಸಬರನ್ನು ಬಿಟ್ಟಿ ದುಡಿಸುವುದಕ್ಕೆ ಬಳಸಬಾರದು. 'ಹೆಸರು ಬರುತ್ತೆ, ಮಾಡಿಕೊಡಿ' ಎಂಬ ಮಾತು ಎಲ್ಲ ಆರಂಭಿಕರ ಕಿವಿಗೂ ಬೀಳುತ್ತದೆ. ಕಾಯಕದಲ್ಲಿ ಪ್ರತಿಫಲ ನಿಷಿದ್ಧವಲ್ಲ. ಕೈಗೆ ಬಂದದ್ದರಿಂದಲೇ ದಾಸೋಹ ನಡೆಯಬೇಕು. ಬಾಡಿಗೆ, ಸಹಾಯಕನ ಬಟವಾಡೆ, ವಾರಗಟ್ಟಲೆ ಎಡಿಟಿಂಗ್ ಎಲ್ಲಕ್ಕೂ ಬೆಲೆಯಿದೆ. ಬಡವರ ಮನೆಯ ಮದುವೆಯನ್ನು ತಾನಾಗಿ ಪುಕ್ಕಟೆ ಮಾಡಿಕೊಡುವುದು ದಾಸೋಹವಾದೀತು, ಉಳ್ಳವರು ಮುಲಾಜಿಗೆ ಸಿಕ್ಕಿಸಿ ಮಾಡಿಸಿಕೊಳ್ಳುವುದು ಶೋಷಣೆಯೇ.

ದೃಶ್ಯ ಯಾರ ಸೊತ್ತು ಎಂಬಲ್ಲಿ ಕಾನೂನು ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಮಾಡಿಸಿದ ಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರದು. ಹೊಸಬರು ಇದನ್ನು ತಿಳಿಯದೆ ಟೀಸರನ್ನು ಇನ್‌ಸ್ಟಾಗ್ರಾಂಗೆ ಏರಿಸಿಬಿಡುತ್ತಾರೆ. ಒಪ್ಪಿಸಿಕೊಡುವಾಗ ಅಪ್ಪನನ್ನು ತಬ್ಬಿ ಅಳುವ ಮಗಳ ದೃಶ್ಯ ಜಾಹೀರಾತಿಗೆ ಬಹಳ ಚೆನ್ನಾಗಿರುತ್ತದೆ, ಆದರೆ ಆ ಅಳು ಅವಳದು. ಮೊದಲೇ ಕೇಳಿ ಬರೆಸಿಕೊಂಡ ಒಪ್ಪಿಗೆ ಇಲ್ಲಿ ಕಾನೂನಿಗೂ ಬೇಕು, ಮರ್ಯಾದೆಗೂ ಬೇಕು.

ಕೊನೆಯದಾಗಿ, ನೋಡಬಹುದಾದದ್ದೆಲ್ಲ ಚಿತ್ರಿಸಬಹುದಾದದ್ದಲ್ಲ. ಹಲವು ದೇವಸ್ಥಾನಗಳು ಗರ್ಭಗುಡಿಯ ಚಿತ್ರೀಕರಣಕ್ಕೆ ಅವಕಾಶ ಕೊಡುವುದಿಲ್ಲ. ತುಳುನಾಡಿನಲ್ಲಿ 2022ರ 'ಕಾಂತಾರ' ಚಿತ್ರದ ನಂತರ ದೈವಾರಾಧನೆಯನ್ನು ಅನುಕರಿಸುವ ರೀಲ್‌ಗಳ ವಿರುದ್ಧ ಆಕ್ಷೇಪಗಳು ಬಂದವು. ನಂಬಿದವರ ಪಾಲಿಗೆ ಆ ಆರಾಧನೆಯಲ್ಲಿ ದೈವವೇ ಎದುರು ನಿಂತು ಮಾತಾಡುತ್ತಿರುತ್ತದೆ. ವಿಡಿಯೊಗ್ರಾಫರ್‌ಗೆ ಆ ನಂಬಿಕೆ ಇರಲೇಬೇಕೆಂದಿಲ್ಲ. ಹಿರಿಯರನ್ನು ಕೇಳಿ, ಬೇಡವೆಂದರೆ ಕ್ಯಾಮೆರಾವನ್ನು ಬ್ಯಾಗಿನೊಳಗೆ ಇಡುವುದು ಅವರ ಕೆಲಸದ ಭಾಗವೇ, ಮತ್ತು ಆ ದಿನದ ಕೂಲಿಯನ್ನು ಇದೇ ಕಾರಣಕ್ಕೆ ಯಾರೂ ಕಡಿತ ಮಾಡಬಾರದು.